ಸೀಟಿಗೆ ಸಿಟ್ಟು ಗೊತ್ತಿಲ್ಲ

ದೇವರಾಯಸಮುದ್ರ
11 ನವೆಂಬರ್ 2024

ನಂದೀಶನಿಗೆ,

ಚೆನ್ನಾಗಿದೀಯಾ ಅಂತ ಕೇಳಲ್ಲ. ಅದನ್ನ ಕೇಳೋಕೆ ಬರೀತಿಲ್ಲ.

ನಿನ್ನ ನಾಯಿ ಇವತ್ತು ಬೆಳಿಗ್ಗೆ ವೆಂಕಟರಾಯಪ್ಪನ ಹುಳು ಮನೆಗೆ ನುಗ್ತು. ನಾಲ್ಕನೇ ಜ್ವರಕ್ಕೆ ಪೊರೆ ಬಿಟ್ಟು ಎದ್ದು ಸೊಪ್ಪು ತಿನ್ನೋಕೆ ಶುರು ಮಾಡಿದ್ದ ರೇಷ್ಮೆ ಹುಳ. ಇನ್ನೊಂದು ವಾರಕ್ಕೆ ಗೂಡು ಕಟ್ಟೋವು. ಒಳಗೆ ಐದಾರು ಜನ ಮಾತಾಡ್ಕೊಂಡು ಸೊಪ್ಪು ಹಾಕ್ತಿದ್ರಂತೆ. ಜನ ಮಾತಾಡೋದು ಕೇಳಿದ್ರೆ ನಿನ್ನ ನಾಯಿಗೆ ಮದುವೆ ಮನೆ ಅಂತ ಅನ್ಸುತ್ತೆ. ಕೆಳಗಿನ ಸಾಲಿನ ಮೇಲೆ ಹತ್ತಿ ಮಲಗಿ ಬಾಲ ಅಲ್ಲಾಡಿಸ್ತು. ಒಂದು ಹುಳಾನೂ ತಿನ್ನಲಿಲ್ಲ. ಆದ್ರೆ ಆ ಬಾಲ ನೋಡಿದೀಯಲ್ಲ, ಪೊರಕೆ ತರ. ಎಲ್ಲರೂ ಕಿರುಚಿದ್ರು. ಅದಕ್ಕೆ ಇನ್ನೂ ಖುಷಿ. ಹೊರಳಾಡ್ತು. ಒಂದು ಸಾಲು ಹುಳ ಪೂರ್ತಿ ಹೋಯ್ತು.

ನಾನು ಹೊರಗಡೆ ನಿಂತು ಬುಜ್ಜಿ ಬಾ, ಬುಜ್ಜಿ ಬಾ ಅಂತ ಗಂಟಲು ಹರ್ಕೊಂಡೆ. ತಿರುಗಿ ನೋಡ್ತು. ನೋಡಿ ಮತ್ತೆ ಮಲ್ಕೊಳ್ತು. ನಲವತ್ತು ಕೆಜಿ ಲ್ಯಾಬ್ರಡಾರಿಗೆ ಬುಜ್ಜಿ ಅಂತ ಹೆಸರಿಟ್ಟೋನು ಯಾವನೋ, ಅವನ ಮೂತಿಗಿಷ್ಟು.

ಅಪ್ಪ ಹೇಳಿಬಿಟ್ಟಿದಾನೆ. ಜಲ್ಲಿ ಕ್ರಷರ್ ವಾಚ್‌ಮನ್ ನಾಯಿ ಕೇಳ್ತಿದಾನಂತೆ, ಕೊಟ್ಟುಬಿಡ್ತೀನಿ ಅಂತ. ಅಲ್ಲಿ ಏನಾಗುತ್ತೆ ಗೊತ್ತಲ್ಲ. ಎರಡು ಅಡಿ ಸರಪಳಿ, ದಿನಾ ಧೂಳು. ಮನುಷ್ಯರ ಮುಖ ನೋಡದೆ ಅರ್ಧ ಗಂಟೆ ಇರಕ್ಕಾಗಲ್ಲ ಇದಕ್ಕೆ, ಅಲ್ಲಿ ಎದೆ ಒಡ್ಕೊಂಡೇ ಸಾಯುತ್ತೆ. ನಾನು ವೆಂಕಟರಾಯಪ್ಪನ ಕಾಲು ಹಿಡಿದಷ್ಟು ಮಾಡಿ ಸಂಕ್ರಾಂತಿ ಮಾರನೇ ದಿನದ ತನಕ ಟೈಮ್ ತಗೊಂಡಿದೀನಿ. ಅಷ್ಟರಲ್ಲಿ ಕರೆದ್ರೆ ಬರೋ ಹಾಗೆ ಕಲಿಸ್ಬೇಕು. ಇಲ್ಲಾಂದ್ರೆ ಕ್ರಷರ್.

ನಿನಗೆ ಯಾಕೆ ಹೇಳ್ತಿದೀನಿ? ತಂದಿಟ್ಟೋನು ನೀನು. ಅಮ್ಮನ ಹನ್ನೊಂದನೇ ದಿನ ಊರಿಗೆ ಬಂದು, ಹೊಸಿಲು ತುಳೀದೆ, ಪಂಪ್‌ಹೌಸ್ ಕಂಬಕ್ಕೆ ಒಂದು ನಾಯಿ ಕಟ್ಟಿ, ಹಾಗೇ ವಾಪಸ್ ಹೋದೋನು ನೀನು. ತಿಥಿಗೆ ಬಂದ ನೆಂಟರೆಲ್ಲ ಊಟ ಬಿಟ್ಟು ನಾಯಿ ನೋಡ್ತಿದ್ರು. ಆರು ತಿಂಗಳಾಯ್ತು. ಈಗ ನೀನು ಮಾಲೂರಲ್ಲಿ ನಾಯಿ ಫಾರ್ಮಲ್ಲಿ ದೊಡ್ಡ ಟ್ರೈನರ್ ಅಂತೆ, ಪಕ್ಕದ್ಮನೆ ಗೋಪಿ ಹೇಳ್ದ. ಹೇಗೆ ಕಲಿಸೋದು ಬರಿ. ಗೋಪಿ ವಾರಕ್ಕೊಂದ್ಸಲ ಅಲ್ಲಿಗೆ ಟೆಂಪೋ ಹೊಡೀತಾನೆ, ಅವನ ಕೈಲಿ ಕೊಡು. ಫೋನ್ ಮಾಡ್ಬೇಡ. ನಿನ್ನ ನಂಬರ್ ಬ್ಲಾಕ್ ಮಾಡಿದೀನಿ, ಯಾಕೆ ಅಂತ ನಿನಗೆ ಗೊತ್ತು.

ಮುನಿಲಕ್ಷ್ಮಿ


ಮಾಲೂರು
17 ನವೆಂಬರ್ 2024

ಪ್ರೀತಿಯ ಮುನ್ನಿ,

ನಿನ್ನ ಅಕ್ಷರ ನೋಡಿ ಮೊದಲು ನಂಬಲಿಲ್ಲ. ಗೋಪಿಯನ್ನು ಎರಡು ಸಲ ಕೇಳಿದೆ. ಬೈದದ್ದು ಸರಿ. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ಬುಜ್ಜಿ ಹಟಮಾರಿ ಅಲ್ಲ. ಈ ಜಾತಿಯ ನಾಯಿಗೆ ಎಲ್ಲರೂ ತನ್ನವರೇ. ನೀನು ಕರೆದಾಗ ಅದರ ಲೆಕ್ಕ ಹೀಗಿರುತ್ತದೆ: ಅಲ್ಲಿ ಐದು ಜನ, ಇಲ್ಲಿ ಒಬ್ಬಳು. ಅಲ್ಲಿ ನಗು, ಇಲ್ಲಿ ಕಿರುಚಾಟ. ನೀನೇ ಆಗಿದ್ದರೆ ಎಲ್ಲಿಗೆ ಹೋಗುತ್ತಿದ್ದೆ?

ಮೊದಲ ಕೆಲಸ, ಹತ್ತು ದಿನ ಅವನನ್ನು ಕರೆಯಲೇಬೇಡ. ಬೇಕಾದರೆ ಹತ್ತಿರ ಹೋಗಿ ಹಿಡಿದುಕೊಂಡು ಬಾ. ಹೊರಗೆ ಬಿಡುವಾಗ ಕೊರಳಿಗೆ ಮೂವತ್ತು ಅಡಿ ಹಗ್ಗ ಇರಲಿ. ಗೋಪಿಯ ಟಾರ್ಪಾಲಿನ ಹಗ್ಗ ಸಾಕು. ಅದರ ತುದಿ ನಿನ್ನ ಕಾಲಡಿ ಇರಬೇಕು.

ಆ ಹತ್ತು ದಿನ ಒಂದು ವಿಷಯ ಗಮನಿಸಿ ಬರೆ. ಮನೆಯಲ್ಲಿ ಯಾರು ಯಾರು ಅವನನ್ನು ಕರೆಯುತ್ತಾರೆ, ಏನೆಂದು ಕರೆಯುತ್ತಾರೆ, ಅವನು ಬಂದ ಮೇಲೆ ಏನು ಮಾಡುತ್ತಾರೆ. ಬಂದ ಮೇಲೆ ಏನು ಮಾಡುತ್ತಾರೆ ಎಂಬುದೇ ಮುಖ್ಯ.

ಅಜ್ಜಿಯ ಮಂಡಿ ನೋವು ಹೇಗಿದೆ?

ನಂದೀಶ


ದೇವರಾಯಸಮುದ್ರ
28 ನವೆಂಬರ್ 2024

ನಂದೀಶನಿಗೆ,

ಅಜ್ಜಿ ಮಂಡಿ ವಿಷಯ ಅಜ್ಜೀನ ಕೇಳು. ಬಸ್ಸಿದೆ ಮಾಲೂರಿಂದ.

ಹತ್ತು ದಿನ ನೋಡ್ದೆ. ಬರೀತೀನಿ, ಓದು.

ಅಜ್ಜಿ ತೆಲುಗಲ್ಲಿ ಕರೀತಾಳೆ. "ರಾ ನಾಯನಾ, ರಾ ಬಂಗಾರು." ಬಂದ್ರೆ ಕಿವಿ ಹಿಡಿದು ಉಣ್ಣಿ ಕೀಳ್ತಾಳೆ. ಒಂದು ಸಲ ಬಂತು, ಎರಡನೇ ಸಲ ಅಜ್ಜಿ ಬಾಯಿ ತೆಗೆಯೋಕೆ ಮುಂಚೆ ಓಡೋಯ್ತು. ಭಾರತಮ್ಮ, ವೆಂಕಟರಾಯಪ್ಪನ ಹೆಂಡ್ತಿ, ಗಂಡನಿಗೆ ಗೊತ್ತಿಲ್ದೆ ಬುಜ್ಜೀ ಅಂತ ರಾಗವಾಗಿ ಕರೆದು ಮುದ್ದೆ ಹಾಕ್ತಾಳೆ. ಅದಕ್ಕೆ ನೋಡು ಅವರ ಮನೆ ಕಡೇನೇ ಓಡೋದು. ಬೀದಿ ಮಕ್ಕಳು ಇಪ್ಪತ್ತು ಜನ ಬುಜ್ಜಿ ಬುಜ್ಜಿ ಬುಜ್ಜಿ ಅಂತ ಸುಮ್ಸುಮ್ನೆ ಕೂಗ್ತಾವೆ, ಬಂದ್ರೆ ಏನೂ ಇಲ್ಲ. ಡೇರಿ ಹತ್ರ ಹಾಲು ಹಾಕೋಕೆ ಬಂದೋರೆಲ್ಲ "ಕಮ್ ಕಮ್" ಅಂತಾರೆ, ಇಂಗ್ಲಿಷ್ ನಾಯಿ ಅಂತ ಮರ್ಯಾದೆ. ನಾನು ಕರೆಯೋದು ಬೆಳಿಗ್ಗೆ ಕಟ್ಟಿ ಹಾಕೋಕೆ. ಅದು ನಿಜ, ಒಪ್ಕೋತೀನಿ.

ಇನ್ನು ಅಪ್ಪ. ಅಪ್ಪ ಕರೆಯೋದು ಎಲ್ಲರಿಗಿಂತ ಸಿಹಿ. "ಬಾರೋ ಬುಜ್ಜಿ, ಬಾರಪ್ಪ, ಬಾ ಮಗನೇ." ಬೆಲ್ಲ. ಹತ್ರ ಬಂದ ತಕ್ಷಣ ಕೊರಳ ಪಟ್ಟಿ ಹಿಡ್ಕೊಂಡು, ಬೆನ್ನ ಹಿಂದೆ ಬಚ್ಚಿಟ್ಟಿದ್ದ ಹಿಪ್ಪುನೇರಳೆ ಕಡ್ಡಿ ತೆಗೆದು ನಾಲ್ಕು ಬಿಗಿದು ಆಮೇಲೆ ಸರಪಳಿ ಹಾಕ್ತಾನೆ. ಓಡಾಡಿದ್ದಕ್ಕೆ ಶಿಕ್ಷೆ ಅಂತೆ. "ಬುದ್ಧಿ ಬರಲಿ ಅಂತ ಹೊಡೀತೀನಿ" ಅಂತಾನೆ. ನಾನು ಕೇಳ್ದೆ, "ಓಡಿದಾಗ ಹೊಡೀಲಿಲ್ಲ, ಬಂದಾಗ ಹೊಡೀತಿದೀಯಲ್ಲ, ಅದಕ್ಕೆ ಯಾವ ಬುದ್ಧಿ ಬರುತ್ತೆ?" ಅಂತ. "ಒಂಬತ್ತನೇ ಕ್ಲಾಸ್ ಬಿಟ್ಟೋಳು ನನಗೆ ಹೇಳ್ಕೊಡ್ತೀಯ?" ಅಂದ. ಒಂಬತ್ತನೇ ಕ್ಲಾಸ್ ಬಿಡ್ಸಿದ್ದು ಯಾರು ಅಂತ ಕೇಳ್ಬೇಕಿತ್ತು. ಅಜ್ಜಿ ಕಣ್ಣು ಬಿಟ್ಟಳು, ಒಳಗೆ ಹೋದೆ.

ಹಗ್ಗ ಕಟ್ಟಿದ ಮೊದಲನೇ ದಿನ ಬುಜ್ಜಿ ನನ್ನನ್ನ ಎಳ್ಕೊಂಡು ಕಾಲುವೆಗೆ ಕೆಡವ್ತು. ಮೊಣಕೈ ಕಿತ್ತೋಗಿದೆ. ನಿನ್ನ ಹೆಸರು ಹೇಳಿ ಬೈದೆ.

ಮುಂದೇನು ಬೇಗ ಬರಿ. ದಿನ ಹೋಗ್ತಿದೆ.

ಮುನಿಲಕ್ಷ್ಮಿ


ಮಾಲೂರು
4 ಡಿಸೆಂಬರ್ 2024

ಮುನ್ನಿ,

ನೀನು ಬರೆದುಕೊಟ್ಟದ್ದನ್ನು ಇಲ್ಲಿಯ ದೊಡ್ಡ ಟ್ರೈನರ್‌ಗೆ ಓದಿ ಹೇಳಿದೆ. ಇಷ್ಟು ಚೆನ್ನಾಗಿ ಯಾರೂ ಗಮನಿಸುವುದಿಲ್ಲ ಎಂದರು. ಹೊಗಳಿಕೆಗೆ ಬರೆಯುತ್ತಿಲ್ಲ, ಅವರು ಹೇಳಿದ್ದನ್ನು ಹೇಳಿದೆ.

ಈಗ 'ಬಾ' ಎನ್ನುವುದು ಕೆಟ್ಟುಹೋಗಿದೆ. ಅಜ್ಜಿಯ 'ರಾ' ಕೂಡ. ಅವನ ಹೆಸರೂ ಕೂಡ. ಆ ಸದ್ದುಗಳನ್ನು ಕೇಳಿದರೆ ಅವನಿಗೆ ನೆನಪಾಗುವುದು ಉಣ್ಣಿ, ಸರಪಳಿ, ಕಡ್ಡಿ. ಅವನ್ನು ಸರಿಮಾಡಲು ಕೂತರೆ ವರ್ಷ ಬೇಕು. ಹೊಸ ಸದ್ದು ಹುಡುಕು. ಊರಲ್ಲಿ ಬೇರೆ ಯಾರೂ ಮಾಡದ್ದು, ದೂರಕ್ಕೆ ಕೇಳಿಸುವಂಥದ್ದು.

ಬಾಯಿಂದ ಕರೆಯುವುದು ಬೇಡ ಎನ್ನುತ್ತೇನೆ. ಕೋಪ ಮಾಡಿಕೊಳ್ಳಬೇಡ. ನಿನ್ನ ದನಿಯಲ್ಲಿ ಸಿಟ್ಟಿದೆ. ನೀನು ನಗುತ್ತಾ ಕರೆದರೂ ಇರುತ್ತದೆ. ನಾಯಿಗೆ ಅದು ಕೇಳಿಸುತ್ತದೆ.

ಹೊಸ ಸದ್ದು ಸಿಕ್ಕ ಮೇಲೆ ಮೊದಲ ವಾರ ಮನೆಯೊಳಗೇ. ಸದ್ದು ಮಾಡು, ತಕ್ಷಣ ಬೇಯಿಸಿದ ಮೊಟ್ಟೆಯ ಚೂರು ಬಾಯಿಗೆ. ದಿನಕ್ಕೆ ಇಪ್ಪತ್ತು ಸಲ. ಎರಡನೇ ವಾರ ಅಂಗಳ. ಆಮೇಲೆ ಹಗ್ಗ ಹಾಕಿ ಹಿಪ್ಪುನೇರಳೆ ತೋಟ. ಕೊನೆಗೆ ಜನ ಇರುವ ಕಡೆ. ಬಂದ ಕೂಡಲೇ ಕಟ್ಟಬೇಡ. ಮೊಟ್ಟೆ ಕೊಟ್ಟು ಮತ್ತೆ ಆಡಲು ಬಿಡು. ಹತ್ತರಲ್ಲಿ ಒಂಬತ್ತು ಸಲ ಹಾಗೇ ಬಿಡಬೇಕು. ಬರುವುದಿಲ್ಲ ಅನಿಸಿದಾಗ ಸದ್ದೇ ಮಾಡಬೇಡ.

ಒಂದು ವೇಳೆ ತಡವಾಗಿ ಬಂದರೂ, ಒಂದು ಗಂಟೆ ಬಿಟ್ಟು ಬಂದರೂ, ಊರೆಲ್ಲ ಹಾಳುಮಾಡಿ ಬಂದರೂ, ಬಂದವನನ್ನು ಬೈಯಬೇಡ, ಹೊಡೆಯಬೇಡ. ಬಂದದ್ದೇ ದೊಡ್ಡದು ಎನ್ನುವ ಹಾಗೆ ಕಾಣಬೇಕು.

ನಂದೀಶ


ದೇವರಾಯಸಮುದ್ರ
21 ಡಿಸೆಂಬರ್ 2024

ನಂದೀಶನಿಗೆ,

ನನ್ನ ದನಿಯಲ್ಲಿ ಸಿಟ್ಟಿದೆಯಂತೆ. ಇರಲ್ವಾ? ಬೆಳಿಗ್ಗೆ ಐದಕ್ಕೆ ಎದ್ದು ಸೊಪ್ಪು ಕೊಯ್ದು, ಹಾಲು ಹಾಕಿ, ಅಜ್ಜಿಗೆ ಸ್ನಾನ ಮಾಡ್ಸಿ, ಅಪ್ಪನಿಗೆ ಮುದ್ದೆ ತಿರುವಿ, ಆಮೇಲೆ ನಿನ್ನ ನಾಯಿಗೆ ಮೊಟ್ಟೆ ಸುಲೀತಾ ಕೋಗಿಲೆ ತರ ಹಾಡ್ಬೇಕಾ?

ಆದ್ರೂ ನೀನು ಹೇಳಿದ್ದು ನಿಜ. ಪರೀಕ್ಷೆ ಮಾಡ್ದೆ. ಮೆತ್ತಗೆ ಕರೆದೆ, ಕಿವಿ ಹಿಂದಕ್ಕೆ ಹೋಯ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಸೀಟಿ ಸಿಕ್ಕಿದೆ. ಭಾರತಮ್ಮ ಕೊಟ್ಟಳು. ವೆಂಕಟರಾಯಪ್ಪ ರಿಟೈರ್ ಆಗೋ ತನಕ ಬಸ್ ಕಂಡಕ್ಟರ್ ಆಗಿದ್ದನಲ್ಲ, ಅವನದ್ದು. ಸೀರೆ ಸೆರಗಲ್ಲಿ ಮುಚ್ಕೊಂಡು ತಂದು, "ನಮ್ಮ ಯಜಮಾನ್ರು ಇದ್ರಲ್ಲಿ ಮೂವತ್ತು ವರ್ಷ ಬಸ್ ನಿಲ್ಸಿದಾರೆ ಕಣೇ, ಒಂದು ನಾಯಿ ನಿಲ್ಲಲ್ವಾ? ಅವರಿಗೆ ಹೇಳ್ಬೇಡ" ಅಂದ್ಳು. ತೊಳೆದು ತೊಳೆದು ಸಾಕಾಯ್ತು, ಇನ್ನೂ ಎಲೆಅಡಿಕೆ ವಾಸನೆ.

ಮನೆಯೊಳಗೆ ಒಂದು ವಾರ ಊದಿದೆ. ಅಜ್ಜಿ ಕಿವಿ ಮುಚ್ಕೊಂಡು "ಇದೇನೇ ಇದು, ಮುಳಬಾಗಿಲು ಬಸ್ ಸ್ಟ್ಯಾಂಡಾ" ಅಂತ ಬೈದ್ಳು. ಅಂಗಳಕ್ಕೆ ಬಂದೆ. ಬೀದಿ ಗಂಡಸರಿಗೆಲ್ಲ ನಾನು ಸಿನಿಮಾ. ಸೀಟಿ ಊದಿದ್ರೆ ಸಾಕು, ಡೇರಿ ಕಟ್ಟೆ ಮೇಲಿಂದ ನರೇಶ ಅನ್ನೋನು "ರೈಟ್ ರೈಟ್! ಮುಂದೆ ಹೋಗ್ಲಿ!" ಅಂತಾನೆ. ಇನ್ನೊಬ್ಬ "ಕೋಲಾರಕ್ಕೆ ಒಂದು ಟಿಕೆಟ್ ಕೊಡಮ್ಮ" ಅಂತಾನೆ. ಮೊನ್ನೆ ಹೇಳ್ದೆ, "ನಿನ್ನ ಮುಖಕ್ಕೆ ಲಗೇಜ್ ಚಾರ್ಜ್ ಆಗುತ್ತೆ, ಮೇಲೆ ಹತ್ತಿ ಕೂತ್ಕೋ" ಅಂತ. ಆಮೇಲೆ ಸ್ವಲ್ಪ ಕಮ್ಮಿ ಆಗಿದೆ.

ಬುಜ್ಜಿ ಬರ್ತಿದೆ. ಅದನ್ನ ಹೇಳ್ದೆ ಇರಕ್ಕಾಗಲ್ಲ. ತೋಟದ ಆ ತುದಿಯಿಂದ, ಹಗ್ಗ ಎಳ್ಕೊಂಡು, ನಾಲಿಗೆ ಹೊರಗೆ ಬಿಟ್ಕೊಂಡು, ಲಾರಿ ತರ ಬರುತ್ತೆ. ಬ್ರೇಕ್ ಇಲ್ಲ, ಬಂದು ಗುದ್ದುತ್ತೆ. ಸೀಟಿಗೆ ಸಿಟ್ಟು ಗೊತ್ತಿಲ್ಲ. ನಾನು ಎಷ್ಟೇ ಉರೀತಿದ್ರೂ ಒಂದೇ ಸದ್ದು ಬರುತ್ತೆ. ಅದೊಂದು ಒಳ್ಳೇದಾಯ್ತು.

ಈಗ ಇನ್ನೊಂದು ವಿಷಯ. ತಡವಾಗಿ ಬಂದರೂ ಬೈಬೇಡ ಅಂತ ಬರ್ದಿದೀಯಲ್ಲ. ಅದು ನಾಯಿ ಬಗ್ಗೆ ಬರ್ದಿದ್ದಾ, ನಿನ್ನ ಬಗ್ಗೆ ಬರ್ದಿದ್ದಾ? ನಾನು ಒಂಬತ್ತನೇ ಕ್ಲಾಸು, ಆದ್ರೂ ಅಷ್ಟು ದಡ್ಡಿ ಅಲ್ಲ.

ಅಮ್ಮನಿಗೆ ಎದೆ ನೋವು ಬಂದಾಗ ಗೋಪಿ ಟೆಂಪೋದಲ್ಲಿ ಟೊಮೇಟೊ ಬಾಕ್ಸ್ ಇಳಿಸಿ ಮಲಗಿಸ್ಕೊಂಡು ಹೋದ್ವಿ. ದೇವರಾಯಸಮುದ್ರದಿಂದ ಕೋಲಾರಕ್ಕೆ ಬರೋ ಅಷ್ಟರಲ್ಲಿ ನಿನಗೆ ಇಪ್ಪತ್ಮೂರು ಸಲ ಫೋನ್ ಮಾಡ್ದೆ. ರಿಂಗ್ ಆಯ್ತು. ಇಪ್ಪತ್ಮೂರು ಸಲಾನೂ ರಿಂಗ್ ಆಯ್ತು. ಅಮ್ಮ ಕೇಳ್ತಿದ್ಳು, "ತೆಗೆದ್ನಾ? ತೆಗೆದ್ನಾ?" ಅಂತ. ಕೊನೇಲಿ ನಾನು ಸುಳ್ಳು ಹೇಳ್ದೆ. "ತೆಗೆದ, ಬರ್ತಿದಾನೆ" ಅಂದೆ. ಆ ಸುಳ್ಳು ನನ್ನ ಬಾಯಲ್ಲಿ ಇನ್ನೂ ಇದೆ.

ನೀನು ನಾಯಿಗೆ ಬರೋದು ಕಲಿಸೋ ಟ್ರೈನರ್ ಅಂತೆ. ಥೂ.

ಮುನಿಲಕ್ಷ್ಮಿ


ಮಾಲೂರು
30 ಡಿಸೆಂಬರ್ 2024

ಮುನ್ನಿ,

ಈ ಕಾಗದ ನಾಲ್ಕು ಸಲ ಹರಿದು ಬರೆದೆ.

ಎರಡು ವರ್ಷದ ಹಿಂದೆ ನಾನು ನರಸಾಪುರದ ಫ್ಯಾಕ್ಟರಿ ಕೆಲಸ ಬಿಟ್ಟು, ಮನೆಗೆ ಹೇಳದೆ ಒಂದು ವಾರ ಎಲ್ಲೋ ಹೋಗಿಬಿಟ್ಟಿದ್ದೆ. ಅಮ್ಮ ಫೋನ್ ಮಾಡಿದಳು. "ಬಾ ಮಗನೇ, ನಿಮ್ಮಪ್ಪ ಏನೂ ಅನ್ನಲ್ಲ ಅಂದಿದ್ದಾರೆ" ಎಂದಳು. ಅಪ್ಪ ಅವಳಿಗೆ ಹಾಗೆ ಮಾತು ಕೊಟ್ಟಿದ್ದರು. ನಾನು ಬೆಳಗಿನ ಬಸ್ಸಿಗೆ ಬಂದಿಳಿದೆ. ಅಪ್ಪ ಡೇರಿ ಹತ್ತಿರ ಕಾಯುತ್ತಿದ್ದರು. ನಗುತ್ತಾ "ಬಾರೋ" ಎಂದರು. ಆಮೇಲೆ ಏನಾಯಿತು ಎಂದು ನಿನಗೆ ಗೊತ್ತು, ಊರಿಗೇ ಗೊತ್ತು. ಹಾಲಿನ ಕ್ಯಾನ್ ಹಿಡಿದು ನಿಂತವರು ಯಾರೂ ಬಿಡಿಸಲಿಲ್ಲ. ಅವತ್ತು ಸಂಜೆಯೇ ಹೊರಟೆ.

ಅಲ್ಲಿಂದಾಚೆ ಫೋನಿನಲ್ಲಿ ಮನೆಯ ಯಾರ ನಂಬರ್ ಬಂದರೂ ಮಗುಚಿ ಇಡುತ್ತಿದ್ದೆ. ತೆಗೆದರೆ ಅಮ್ಮನ ದನಿಯಲ್ಲಿ ಶುರುವಾಗಿ ಅಪ್ಪನ ಬೈಗುಳದಲ್ಲಿ ಮುಗಿಯುತ್ತಿತ್ತು, ಪ್ರತಿ ಸಲವೂ. ಆ ದಿನ ಇಪ್ಪತ್ತಮೂರು ಸಲವೂ ನಾನು ಪರದೆ ನೋಡುತ್ತಾ ಕೂತಿದ್ದೆ. ಇವತ್ತು ಬಹಳ ಕೋಪದಲ್ಲಿದ್ದಾರೆ ಎಂದುಕೊಂಡೆ. ನಿನಗೆ ಹೇಳಲು ಇದಕ್ಕಿಂತ ಬೇರೆ ಇಲ್ಲ. ಇದು ಕಾರಣ, ಕ್ಷಮೆ ಕೇಳುವುದಲ್ಲ. ಕ್ಷಮೆ ಕೇಳುವಷ್ಟು ಮುಖ ನನಗಿಲ್ಲ.

ತಿಥಿಯ ದಿನ ಗೇಟಿನ ತನಕ ಬಂದೆ. ಅಪ್ಪ ಬೆನ್ನು ಮಾಡಿ ನಿಂತಿದ್ದರು. ಕಾಲು ಮುಂದೆ ಹೋಗಲಿಲ್ಲ. ಬುಜ್ಜಿಯನ್ನು ಬೆಂಗಳೂರಿನ ಒಬ್ಬರು ನಮ್ಮ ಫಾರ್ಮಿನಲ್ಲಿ ಬಿಟ್ಟು, ಆಮೇಲೆ ಬರಲೇ ಇಲ್ಲ. ಎಲ್ಲರನ್ನೂ ಇಷ್ಟಪಡುವ ನಾಯಿ. ನಿನ್ನ ಜೊತೆ ಯಾರಾದರೂ ಇರಲಿ ಎಂದು ಕಟ್ಟಿ ಬಂದೆ.

ಹೌದು. ಬಂದವನನ್ನು ಬೈಯಬೇಡ ಎಂದು ಬರೆದಾಗ ನನಗೇ ಗೊತ್ತಿತ್ತು.

ಹಗ್ಗ ಇನ್ನೂ ತೆಗೆಯಬೇಡ. ಸಂಕ್ರಾಂತಿಗೆ ಮೂರು ದಿನ ಮುಂಚೆ ತೆಗೆ.

ನಂದೀಶ


ದೇವರಾಯಸಮುದ್ರ
17 ಜನವರಿ 2025

ನಂದೀಶನಿಗೆ,

ನಿನ್ನ ಕಾಗದಕ್ಕೆ ಉತ್ತರ ಆಮೇಲೆ. ಮೊದಲು ಇದನ್ನ ಓದು.

ಮೊನ್ನೆ ಸಂಕ್ರಾಂತಿ ಮಾರನೇ ದಿನ ಪರೀಕ್ಷೆ ಇತ್ತು. ವೆಂಕಟರಾಯಪ್ಪನೇ ಹೇಳಿದ್ದ ಹಾಗೆ. ಈ ಸಲದ ಹುಳ ಗೂಡು ಕಟ್ಟಿದ್ವು. ಒಳಗೆ ಎಂಟು ಹೆಂಗಸರು ಚಂದ್ರಿಕೆ ಬಿದಿರು ತಟ್ಟಿಯಿಂದ ಗೂಡು ಬಿಡಿಸ್ತಾ ಕೂತಿದ್ರು. ನಗು, ಮಾತು, ಕಡಲೆಕಾಯಿ, ಎಳ್ಳುಬೆಲ್ಲ. "ಬಾಗಿಲು ತೆಗೆದೇ ಇಡ್ತೀನಿ. ನಾಯಿ ಬಿಡು. ಹೊಸಿಲು ದಾಟೋಕೆ ಮುಂಚೆ ವಾಪಸ್ ಬಂದ್ರೆ ನಿನ್ನದು, ದಾಟಿದ್ರೆ ಕ್ರಷರದ್ದು" ಅಂದ. ಬೀದಿ ತುಂಬ ಜನ. ಕ್ರಷರ್ ವಾಚ್‌ಮನ್ ಕೂಡ ಬಂದಿದ್ದ, ಸರಪಳಿ ಕೈಲಿ ಹಿಡ್ಕೊಂಡು.

ಹಗ್ಗ ಇರಲಿಲ್ಲ. ಬಿಟ್ಟೆ. ಬುಜ್ಜಿ ಹೊರಟಿದ್ದು ಬಾಣ ತರ. ಬಾಲ ಆಗಲೇ ಶುರು. ಒಳಗಿಂದ ಯಾವಳೋ ಜೋರಾಗಿ ನಕ್ಕಳು, ಇನ್ನೂ ಸ್ಪೀಡಾಯ್ತು. ಹೊಸಿಲಿಗೆ ಹತ್ತು ಹೆಜ್ಜೆ ಇತ್ತು. ಸೀಟಿ ಬಾಯಿಗಿಟ್ಕೊಂಡೆ. ಆಮೇಲೆ ಊದಿದೆ. ಒಂದೇ ಸಲ.

ಮೊದಲು ನಿಂತೋನು ಯಾರು ಗೊತ್ತಾ? ವೆಂಕಟರಾಯಪ್ಪ. ಮೂವತ್ತು ವರ್ಷದ ಅಭ್ಯಾಸ. ಆಮೇಲೆ ಬುಜ್ಜಿ. ಮುಂದಿನ ಕಾಲು ಮಣ್ಣಲ್ಲಿ ಜಾರ್ತು, ಬಾಗಿಲ ಕಡೆ ಒಂದ್ಸಲ ನೋಡ್ತು, ತಿರುಗ್ತು. ತಿರುಗಿ ನನ್ನ ಕಡೆ ಓಡಿ ಬಂತು ನಂದೀಶ. ಎಂಟು ಹೆಂಗಸರನ್ನ ಬಿಟ್ಟು, ಎಳ್ಳುಬೆಲ್ಲ ಬಿಟ್ಟು, ನನ್ನ ಹತ್ರ ಬಂತು. ಭಾರತಮ್ಮ ಚಪ್ಪಾಳೆ ಹೊಡೆದ್ಳು. ನರೇಶ ಕೂಡ "ಭಲೇ" ಅಂದ.

ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ಮೊಟ್ಟೆ ತೆಗೆಯೋಕೆ ಬಗ್ಗಿದೆ. ಅಷ್ಟರಲ್ಲಿ ಅಪ್ಪ ಪಟ್ಟಿ ಹಿಡ್ಕೊಂಡು ಕಡ್ಡೀಲಿ ಬಿಗಿದ. ಮೂರು. "ಅಷ್ಟು ದೂರ ಯಾಕೋ ಹೋದೆ, ಹೋಗ್ತೀಯ ಇನ್ನೊಂದ್ಸಲ?" ಅಂತ. ಜನ ನೋಡ್ತಿದ್ರಲ್ಲ, ತಾನು ಬಿಗಿ ಅಂತ ತೋರಿಸ್ಬೇಕಿತ್ತು. ಬುಜ್ಜಿ ಕೂಗಲಿಲ್ಲ. ನನ್ನ ಮುಖ ನೋಡ್ತು. ಸೀಟಿ ನನ್ನ ಬಾಯಲ್ಲೇ ಇತ್ತು.

ನಾನು ಆ ಕಡ್ಡಿ ಕಿತ್ಕೊಂಡು ಮುರಿದೆ. ಅಪ್ಪನ ಮುಖಕ್ಕೆ ಹೇಳ್ದೆ, ಬೀದಿ ಎದುರಿಗೆ. "ಬಂದೋರನ್ನ ಹೊಡೀತೀಯ ನೀನು. ಹೋದೋರನ್ನ ಹೊಡೆಯೋಕೆ ನಿನ್ನ ಕೈಲಿ ಆಗಲ್ಲ, ಬಂದೋರನ್ನ ಹೊಡೀತೀಯ. ನಂದೀಶನ್ನೂ ಇದೇ ಬೀದೀಲಿ ಹೀಗೇ ಹೊಡೆದೆ. ಅಮ್ಮನ ಬಾಯಿಂದ ಕರೆಸಿ ಹೊಡೆದೆ. ಅದಕ್ಕೇ ಅವನು ಫೋನ್ ತೆಗೀಲಿಲ್ಲ. ಅಮ್ಮ ಟೆಂಪೋದಲ್ಲಿ ತೆಗೆದ್ನಾ ತೆಗೆದ್ನಾ ಅಂತ ಸತ್ತಳು. ಅವನು ತೆಗೀದೆ ಇರೋ ಹಾಗೆ ಮಾಡಿದ್ದು ನೀನು."

ಅಪ್ಪ ಕೈ ಎತ್ತಿದ. ನಾನು ಅಲ್ಲೇ ನಿಂತೆ. ಹೊಡೀಲಿ ಅಂತ ನಿಂತೆ. ವೆಂಕಟರಾಯಪ್ಪ ಮಧ್ಯೆ ಬಂದು ಆ ಕೈ ಹಿಡ್ಕೊಂಡ. "ಚನ್ನರಾಯಪ್ಪ, ನಾಯಿ ಟಿಕೆಟ್ ತಗೊಂಡಿದೆ. ನಿನ್ನ ಹತ್ರ ಟಿಕೆಟ್ ಇಲ್ಲ. ನೀನ್ ಇಳ್ಕೋ" ಅಂದ. ಒಬ್ಬರೂ ನಗಲಿಲ್ಲ.

ಬುಜ್ಜಿ ನಮ್ಮದು ಅಂತ ಆಯ್ತು. ಆದ್ರೆ ಏನು ಪ್ರಯೋಜನ? ಎರಡು ದಿನದಿಂದ ಗೋಪಿ ಟೆಂಪೋ ಕೆಳಗೆ ಮಲಗಿದೆ. ಸೀಟಿ ಊದಿದ್ರೆ ಇನ್ನೂ ಒಳಕ್ಕೆ ಸರಿಯುತ್ತೆ. ಎರಡು ತಿಂಗಳು ಕಟ್ಟಿದ್ದನ್ನ ಮೂರು ಏಟಲ್ಲಿ ಕೆಡವಿದ. ವೆಂಕಟರಾಯಪ್ಪ ಒಳ್ಳೇವನಾದ್ರೂ ಅವನ ಹೊಟ್ಟೆ ಪಾಡು ಅದು. ಫೆಬ್ರವರಿ ಎಂಟಕ್ಕೆ ಹೊಸ ಹುಳ ತರ್ತಾನಂತೆ. "ಅಷ್ಟರೊಳಗೆ ಮತ್ತೆ ಸರಿ ಹೋಗ್ಬೇಕು ಮಗಾ, ಇಲ್ಲಾಂದ್ರೆ ನನಗೆ ಕಷ್ಟ" ಅಂದಿದಾನೆ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಇವತ್ತು ಅದಕ್ಕೆ ಟೈಮ್ ಇಲ್ಲ ಅಷ್ಟೇ.

ಮುನಿಲಕ್ಷ್ಮಿ


ಮಾಲೂರು
19 ಜನವರಿ 2025

ಮುನ್ನಿ,

ಗೋಪಿ ನಿಂತೇ ಇದ್ದಾನೆ, ಬೇಗ ಬರೆಯುತ್ತೇನೆ.

ಸೀಟಿ ಬೀರುವಿನಲ್ಲಿಡು, ಈಗ ಊದಬೇಡ. ಸೀಟಿ ಕೆಟ್ಟಿಲ್ಲ. ಅವನು ಹೆದರುತ್ತಿರುವುದು ಸೀಟಿ ಊದಿದಾಗ ನಿನ್ನ ಪಕ್ಕದಲ್ಲಿ ಯಾರಿರುತ್ತಾರೋ ಎಂದು. ಅದನ್ನು ನೀನು ಸರಿಮಾಡಲು ಆಗುವುದಿಲ್ಲ. ಹೊಡೆದವರೇ ಮಾಡಬೇಕು.

ಅಪ್ಪ ದಿನಾ ಸಂಜೆ ಒಂದೇ ಹೊತ್ತಿಗೆ, ಒಂದೇ ಕಡೆ ಕೂರಬೇಕು. ನಿಲ್ಲಬಾರದು, ಕೂರಬೇಕು. ಕೈಯಲ್ಲಿ ಮೊಟ್ಟೆ ಇರಬೇಕು, ಕೈ ಬಿಚ್ಚಿರಬೇಕು. ನಾಯಿಯನ್ನು ನೋಡಬಾರದು. ಕರೆಯಬಾರದು, ಒಂದು ಸಲವೂ. ಹತ್ತಿರ ಬಂದರೂ ಹಿಡಿಯಬಾರದು. ತಿಂದು ಹೋದರೆ ಹೋಗಲಿ. ಎಷ್ಟು ದಿನ ಎಂದು ಹೇಳಲಾಗುವುದಿಲ್ಲ. ನಾಯಿ ತೀರ್ಮಾನಿಸುತ್ತದೆ.

ಅವರು ಮಾಡುವುದಿಲ್ಲ ಎಂದು ನನಗೆ ಗೊತ್ತು. ಮಾಡದಿದ್ದರೆ ಎಂಟನೇ ತಾರೀಕಿಗೆ ಮುಂಚೆ ಬುಜ್ಜಿಯನ್ನು ಗೋಪಿಯ ಜೊತೆ ನನ್ನ ಹತ್ತಿರ ಕಳಿಸು.

ಬೀದಿಯಲ್ಲಿ ನೀನು ಹೇಳಿದ್ದನ್ನು ಗೋಪಿಯೂ ಹೇಳಿದ. ನನ್ನ ಪರವಾಗಿ ಯಾರಾದರೂ ಮಾತಾಡಿದ್ದು ಅದೇ ಮೊದಲು.

ನಂದೀಶ


ದೇವರಾಯಸಮುದ್ರ
9 ಫೆಬ್ರವರಿ 2025

ನಂದೀಶನಿಗೆ,

ನಿನ್ನ ಪರವಾಗಿ ಮಾತಾಡಿಲ್ಲ. ನಿಜ ಮಾತಾಡಿದೆ. ಅದು ನಿನ್ನ ಪರ ಬಿತ್ತು.

ನಿನ್ನ ಕಾಗದ ಅಪ್ಪನ ಮುಂದೆ ಇಟ್ಟೆ. ನಾನು ಅವತ್ತಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದೆ, ತಟ್ಟೆ ಕುಕ್ಕಿ ಹೋಗ್ತಿದ್ದೆ. ಅವನು ಕನ್ನಡಕ ಹಾಕ್ಕೊಂಡು ಓದಿದ. ಎರಡು ಸಲ ಓದಿದ. "ನಾಯಿ ಮುಂದೆ ಕೂರ್ಬೇಕಂತಾ ನಾನು?" ಅಂದ. ಅಜ್ಜಿ ಒಳಗಿಂದ ಕೂಗಿದ್ಳು. "ಕೂತ್ಕೋರಾ. ಹೆತ್ತ ಮಗನ ಮುಂದೆ ಕೂರ್ಲಿಲ್ಲ, ಕುಕ್ಕ ಮುಂದೆನಾದ್ರೂ ಕೂತ್ಕೋ." ತನ್ನ ಮಗನಿಗೆ ಅಜ್ಜಿ ಅಷ್ಟು ಜೋರು ಮಾಡಿದ್ದು ನಾನು ನೋಡೇ ಇರಲಿಲ್ಲ.

ಎರಡು ದಿನ ಏನೂ ಮಾಡಲಿಲ್ಲ. ಮೂರನೇ ದಿನ ಸಂಜೆ ನಾನು ಸೊಪ್ಪು ಹೊತ್ಕೊಂಡು ಬಂದೆ, ಜಗುಲಿ ಮೇಲೆ ಕೂತಿದಾನೆ. ಕೈಲಿ ಮೊಟ್ಟೆ. ಸುಲಿಯೋಕೂ ಬಂದಿಲ್ಲ, ಸಿಪ್ಪೆ ಸಮೇತ. ನಾನು ಏನೂ ಹೇಳ್ದೆ ಸುಲಿದು ಕೊಟ್ಟೆ.

ಬುಜ್ಜಿ ಟೆಂಪೋ ಕೆಳಗಿಂದ ನೋಡ್ತಿತ್ತು. ಬರಲಿಲ್ಲ. ಕತ್ತಲಾಗೋ ತನಕ ಕೂತ. ಕೂತ ಎರಡನೇ ದಿನಾನೂ ಇಲ್ಲ. ನಾಲ್ಕನೇ ದಿನ ಡೇರಿಗೆ ಹೋಗೋರು ನಿಂತು ನೋಡೋಕೆ ಶುರು ಮಾಡಿದ್ರು. ನರೇಶ "ಏನ್ ಮಾವ, ಮೊಟ್ಟೆ ವ್ಯಾಪಾರನಾ" ಅಂದ. ಅಪ್ಪನ ಕುತ್ತಿಗೆ ನರ ಎದ್ದಿದ್ದು ನನಗೆ ಕಾಣ್ತು. ಎದ್ದು ಹೊಡೀತಾನೆ ಅನ್ಕೊಂಡೆ. ಎದ್ದೇಳಲಿಲ್ಲ. ಆರನೇ ದಿನ ಬುಜ್ಜಿ ಟೆಂಪೋ ಬಿಟ್ಟು ಹೊರಗೆ ಬಂದು ಅಂಗಳದ ಮಧ್ಯೆ ಮಲಗ್ತು. ಅಪ್ಪ ಮರೆತು ಬಾಯಿ ತೆಗೆದ, ಕರೆಯೋಕೆ. ನಾನು ಕೆಮ್ಮಿದೆ. ಮುಚ್ಕೊಂಡ.

ಹನ್ನೊಂದನೇ ದಿನ ಬಂತು. ಹೊಟ್ಟೆ ನೆಲಕ್ಕೆ ತಾಗಿಸ್ಕೊಂಡು, ಬಾಲ ಕಾಲೊಳಗೆ ಇಟ್ಕೊಂಡು, ಕಳ್ಳನ ತರ ಬಂತು. ಅಷ್ಟು ದೊಡ್ಡ ನಾಯಿ ಅಷ್ಟು ಚಿಕ್ಕದಾಗಿದ್ದು ನೋಡಿ ನನಗೆ ಓಡಿ ಹೋಗಿ ಅಪ್ಪನ ಕೈಯಿಂದ ಮೊಟ್ಟೆ ಕಿತ್ಕೊಂಡು ಎಸೀಬೇಕು ಅನ್ನಿಸ್ತು. ಕಂಬ ಹಿಡ್ಕೊಂಡು ನಿಂತೆ. ಬುಜ್ಜಿ ಕತ್ತು ಮಾತ್ರ ಉದ್ದ ಮಾಡಿ ಮೊಟ್ಟೆ ತಿಂತು. ಹೋಗಲಿಲ್ಲ. ಅಲ್ಲೇ ಕೂತು ಆ ಕೈ ನೆಕ್ತು. ಹೊಡೆದ ಕೈನೇ. ಇದಕ್ಕೆ ಮಾನ ಇಲ್ಲ ನೋಡು, ಎಲ್ಲರೂ ಬೇಕು.

ಅಪ್ಪ ಅಲ್ಲಾಡಲಿಲ್ಲ. ಕೈ ಹಾಗೇ ಬಿಚ್ಕೊಂಡು, ಎಲ್ಲಿಡಬೇಕು ಅಂತ ಗೊತ್ತಾಗದೆ ಕೂತಿದ್ದ. ಆಮೇಲೆ ಕೇಳಿದ, ನನ್ನ ಕಡೆ ನೋಡದೆ. "ಈಗ ಮುಟ್ಟಬಹುದಾ?" ನಾನು "ನನ್ನ ಕೇಳ್ಬೇಡ, ನಾಯೀನ ಕೇಳು" ಅಂದೆ.

ಆಮೇಲೆ ಸೀಟಿ ಮತ್ತೆ ಹೊರಗೆ ತೆಗೆದೆ. ಅಪ್ಪ ಪಕ್ಕ ಕೂತಿರೋವಾಗ ಊದಿದೆ. ಬಂತು. ನಿನ್ನೆ ವೆಂಕಟರಾಯಪ್ಪನ ಹೊಸ ಹುಳ ಬಂತು. ಬಾಗಿಲು ಮುಚ್ಚೋಕೆ ಮುಂಚೆ ಬುಜ್ಜಿ ಆ ಕಡೆ ಹೊರಟಿತ್ತು, ಊದಿದೆ, ಅರ್ಧದಿಂದ ವಾಪಸ್ ಬಂತು. ಕ್ರಷರ್ ಕಥೆ ಮುಗೀತು. ವೆಂಕಟರಾಯಪ್ಪ ಸೀಟಿ ಗುರುತು ಹಿಡಿದಿದಾನೆ. "ನಮ್ಮನೇದು ಅಂತ ಗೊತ್ತು, ಇಟ್ಕೋ" ಅಂದ.

ಅಪ್ಪ ಒಳ್ಳೇವನಾದ ಅಂತ ಬರೀತಿದೀನಿ ಅನ್ಕೋಬೇಡ. ಒಂದು ನಾಯಿ ಮುಂದೆ ಹನ್ನೊಂದು ದಿನ ಕೂತ ಅಂತ ಅಷ್ಟೇ ಬರೀತಿದೀನಿ. ನಾನು ಅವನನ್ನೂ ಬಿಟ್ಟಿಲ್ಲ, ನಿನ್ನನ್ನೂ ಬಿಟ್ಟಿಲ್ಲ. ನೀನು ಬಂದ್ರೆ ನಾಯಿಗೆ ಮಾಡಿದ ಹಾಗೆ ತಲೆ ಸವರಿ ಮೊಟ್ಟೆ ಕೊಡ್ತೀನಿ ಅಂತ ಕನಸು ಕಾಣಬೇಡ. ಬೈತೀನಿ. ಇಪ್ಪತ್ಮೂರು ಸಲಕ್ಕೂ ಒಂದೊಂದು ಬೈತೀನಿ. ಮೊದಲು ಅನ್ನ ಹಾಕ್ತೀನಿ, ಉಂಡ ಮೇಲೆ ಬೈತೀನಿ.

ಅಪ್ಪ ಬೆಳಿಗ್ಗೆಯಿಂದ ನನ್ನ ಹಿಂದೆ ಹಿಂದೆ ಓಡಾಡ್ತಿದಾನೆ. "ಅವನಿಗೆ ನನ್ನ ಕಡೆಯಿಂದ ಎರಡು ಸಾಲು ಹಾಕು" ಅಂತ. ಹಾಕಲ್ಲ ಅಂದೆ. "ಅಮ್ಮ ಒಬ್ಬಳು ನಿನ್ನ ಬಾಯಾಗಿ ಅವನನ್ನ ಕರೆದಿದ್ದು ಸಾಕು, ನಾನು ಕರೆಯಲ್ಲ" ಅಂದೆ. ಪೆನ್ನು ಕೊಟ್ಟಿದೀನಿ. ಏನು ಬರೀಬಾರದು ಅಂತಾನೂ ಹೇಳಿದೀನಿ. ಬರೆದ್ರೆ ಇದರ ಜೊತೆ ಇಡ್ತೀನಿ.

ಮುನಿಲಕ್ಷ್ಮಿ


ದೇವರಾಯಸಮುದ್ರ
10-2-2025

ನಂದೀಶ,

ಕಾಗದ ಬರೆದು ಬಹಳ ವರ್ಷ ಆಯಿತು. ತಪ್ಪಿದ್ದರೆ ಸರಿಮಾಡಿ ಓದಿಕೋ.

ನಾಯಿ ನನ್ನ ಹತ್ತಿರ ಬರುತ್ತದೆ. ಹನ್ನೊಂದು ದಿನ ಹಿಡಿಯಿತು. ಅದಕ್ಕೆ ಹೊಡೆದದ್ದು ಎರಡು ಮೂರು ತಿಂಗಳು. ನಿನಗೆ ಹೊಡೆದದ್ದು ನೀನು ಹುಟ್ಟಿ ನಡೆದಾಗಿನಿಂದ. ಎಷ್ಟು ದಿನ ಹಿಡಿಯುತ್ತದೋ ನನಗೆ ಗೊತ್ತಿಲ್ಲ.

ಬಾ ಎಂದು ನಾನು ಬರೆಯುವುದಿಲ್ಲ. ಬರೆಯಬಾರದು ಎಂದು ನಿನ್ನ ತಂಗಿ ಹೇಳಿದ್ದಾಳೆ.

ಸಂಜೆ ಐದರಿಂದ ಜಗುಲಿ ಮೇಲೆ ಕೂತಿರುತ್ತೇನೆ.

ಚನ್ನರಾಯಪ್ಪ